ಮೈಸೂರಿನವರ ‘ಬೇಡ’ವೂ ನಾರ್ವೆಯ ಸಿಂಹಾಸನವೂ

ನನ್ನಲ್ಲೊಂದು ದುರ್ಗುಣವಿದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಏಕೆಂದರೆ ನಮ್ಮೂರಿನಲ್ಲಿ ಅದನ್ನು ಸದ್ಗುಣವೆಂದೇ ಕರೆಯುತ್ತಿದ್ದರು. ಯಾರಾದರೂ ಏನನ್ನಾದರೂ ಕೊಡಲು ಬಂದರೆ ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ‘ಬೇಡ’ ಎಂದುಬಿಡುತ್ತದೆ. ಮೈಸೂರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೊದಲ ‘ಬೇಡ’ ಬರೀ ಮರ್ಯಾದೆಗೆ. ಮತ್ತೆ ಒತ್ತಾಯ ಮಾಡಿದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಆದರೆ ಬೆರಳುಗಳ ನಡುವೆ ಪಾಯಸ ಇಳಿಯುವಷ್ಟು ಸಂದು ಬಿಟ್ಟೇ ಹಿಡಿಯುತ್ತೇವೆ. ಬಡಿಸುವವರಿಗೂ ಅದು ಗೊತ್ತು. ನನ್ನ ಮದುವೆಯೂ ಹೀಗೆಯೇ ಆಯಿತು. ಹುಡುಗಿ ಒಪ್ಪಿಗೆಯೇ ಎಂದು ಕೇಳಿದಾಗ ನಾನು ‘ಈಗಲೇ ಯಾಕೆ, ಬೇಡ’ ಎಂದೆ. ಎಲ್ಲರೂ ಸಂತೋಷದಿಂದ ಎದ್ದು ಛತ್ರ ಗೊತ್ತುಮಾಡಲು ಹೊರಟರು.

ಇಂಥ ನಾಲಿಗೆಯನ್ನು ಹೊತ್ತುಕೊಂಡು ನಾನು ನ್ಯೂಜಿಲೆಂಡಿಗೆ ಬಂದೆ. ಕ್ರೈಸ್ಟ್‌ಚರ್ಚಿನಲ್ಲಿ ಪಕ್ಕದ ಮನೆಯವರು ಮೊದಲ ದಿನವೇ ಬಿಸಿ ಬಿಸಿ ಕೇಕು ತಂದು ‘ತಗೊಳ್ತೀರಾ’ ಎಂದರು. ನಾನು ಪದ್ಧತಿಯಂತೆ ‘ಬೇಡ’ ಎಂದೆ. ತಟ್ಟೆ ಬಂದ ದಾರಿಯಲ್ಲೇ ತಿರುಗಿ ಹೋಯಿತು. ಆ ಪರಿಮಳ ಮಾತ್ರ ಸಂಜೆಯವರೆಗೂ ನಮ್ಮ ಮನೆಯಲ್ಲಿತ್ತು.

ಕೇಕಿನ ಮಾತು ಹಾಗಿರಲಿ, ನಾನು ಹೇಳಹೊರಟದ್ದು ಕುರ್ಚಿಯ ಮಾತು. ಅದೇ ಊರಿನ ಹಾರ್ನ್‌ಬಿ ಬಡಾವಣೆಯ ಒಂದು ಗೋದಾಮಿನಲ್ಲಿ ಯಾವ ಲಾರಿ ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ. ಭೂಕಂಪವಾದ ಮೇಲೆ ಊರನ್ನೆಲ್ಲ ಅಗೆದು ಕಟ್ಟುತ್ತಿದ್ದ ಕಾಲ ಅದು. ನಿನ್ನೆ ಇದ್ದ ರಸ್ತೆಯಲ್ಲಿ ಇವತ್ತು ಬರೀ ದಾರಿ ಮುಚ್ಚುವ ಕಿತ್ತಳೆ ಬಣ್ಣದ ಕೋನುಗಳು. ಲಾರಿಗಳು ಅಲೆಯದಂತೆ ಮಾಡಲು ನನ್ನ ತಲೆಯಲ್ಲೊಂದು ಒಳ್ಳೆಯ ಯೋಜನೆಯಿತ್ತು, ಆದರೆ ಅದನ್ನು ಜಾರಿಗೆ ತರಲು ಟೀಮ್ ಲೀಡರ್ ಆಗಬೇಕಿತ್ತು. ಒಂದು ದಿನ ನಮ್ಮ ಮ್ಯಾನೇಜರ್ ಕ್ರೇಗ್ ತಾನಾಗಿ ಬಂದು, ‘ಲೀಡರ್ ಕೆಲಸ ನೀನೇ ತಗೊಳ್ತೀಯಾ, ಮೇಟ್’ ಎಂದ. ನನಗೆ ಆ ಕೆಲಸ ಬೇಕಿತ್ತು. ಐದು ವರ್ಷದಿಂದ ಬೇಕಿತ್ತು. ‘ಅಯ್ಯೋ, ನನಗಿಂತ ಯೋಗ್ಯರು ಇದ್ದಾರೆ’ ಎಂದು ತಲೆ ತಗ್ಗಿಸಿ, ಒತ್ತಾಯಕ್ಕಾಗಿ ಕಾದೆ. ‘ನೋ ವರೀಸ್’ ಎಂದವನೇ ಕ್ರೇಗ್ ನಾಲ್ಕು ಹೆಜ್ಜೆ ನಡೆದು ಡೇವ್ ಎಂಬುವನನ್ನು ಕೇಳಿದ. ಡೇವ್ ಬಾಯಲ್ಲಿದ್ದ ಮಾಂಸದ ಪೈ ತುಂಡನ್ನು ನುಂಗುವ ಮೊದಲೇ ‘ಯೆಸ್’ ಎಂದ.

ಮನೆಯಲ್ಲಿ ನನ್ನ ಹೆಂಡತಿ ಸುಧಾ ಇದನ್ನು ಕೇಳಿ ಒಲೆ ಆರಿಸಿ ಬಂದು ಎದುರಿಗೆ ನಿಂತಳು. ಆಮೇಲೆ, ‘ಇನ್ನೊಂದ್ಸಲ ಕೇಳಿದ್ರೆ ಮೊದ್ಲು ಯೆಸ್ ಅನ್ನಿ, ಆಮೇಲೆ ಉಸಿರಾಡಿ’ ಎಂದಳು.

ಈ ದುಃಖದಲ್ಲಿದ್ದಾಗ ಗೋದಾಮಿನ ಊಟದ ಕೋಣೆಯಲ್ಲಿ ನನಗೆ ಇಂಗ್ರಿಡ್ ತನ್ನ ದೇಶದ ಕತೆ ಹೇಳಿದಳು. ಅವಳು ನಾರ್ವೆಯವಳು. ಬೆನ್ನಿಗೆ ಚೀಲ ಹಾಕಿಕೊಂಡು ಊರು ನೋಡಲು ಬಂದು, ಇಲ್ಲಿಯ ಕುರಿ ಸಾಕುವವನೊಬ್ಬನನ್ನು ಮದುವೆಯಾಗಿ ಉಳಿದುಕೊಂಡವಳು. ನನ್ನ ಎದುರಿನ ಮೇಜಿನಲ್ಲಿ ಕೆಲಸ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಾರ್ವೆ, ಸ್ವೀಡನ್ನಿನ ಜೊತೆಗಿದ್ದ ಕೂಡು ಸಂಸಾರದಿಂದ ಹೊಡೆದಾಟವಿಲ್ಲದೆ ಬೇರೆಯಾಯಿತಂತೆ. ಮನೆ ಬೇರೆ ಮಾಡಿದ ಮೇಲೆ ನೋಡಿದರೆ ಯಜಮಾನನೇ ಇಲ್ಲ. ಸರಿ, ಡೆನ್ಮಾರ್ಕಿನ ನೌಕಾಪಡೆಯಲ್ಲಿದ್ದ ಒಬ್ಬ ರಾಜಕುಮಾರನ ಹತ್ತಿರ ಹೋಗಿ ‘ನಮಗೆ ರಾಜನಾಗ್ತೀಯಾ’ ಎಂದು ಕೇಳಿದರಂತೆ. ‘ಅವ್ನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮೊದಲು ಜನರನ್ನ ಕೇಳಿ ಅಂದ. ಜನ ವೋಟ್ ಹಾಕಿ ಬೇಕೇ ಬೇಕು ಅಂದ್ರು’ ಎಂದಳು ಇಂಗ್ರಿಡ್, ಚೀಸ್ ಕತ್ತರಿಸುತ್ತ.

ನನಗೆ ಆ ರಾಜಕುಮಾರನ ಮೇಲೆ ಭಕ್ತಿಯೇ ಹುಟ್ಟಿತು. ಅವನು ನಮ್ಮ ಮೈಸೂರಿನವನಾಗಿದ್ದರೆ ಏನು ಗತಿ? ‘ಅಯ್ಯೋ, ನಾನು ಹಡಗಿನಲ್ಲಿ ಕೆಲಸ ಮಾಡೋನು, ಮನೇಲಿ ಹಿರಿಯರಿದ್ದಾರೆ, ಬೇಡ’ ಎನ್ನುತ್ತಿದ್ದ. ಬಂದವರು ‘ನೋ ವರೀಸ್’ ಎಂದು ಟೋಪಿ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಂದ ನನ್ನ ಕಲ್ಪನೆಗೆ ಲಗಾಮು ಇಲ್ಲದಾಯಿತು. ಒಂದು ವಾರ ಊಟದ ಹೊತ್ತಿನಲ್ಲಿ ನಾನು ನಾರ್ವೆಯ ಚರಿತ್ರೆಯನ್ನೇ ತಿದ್ದಿ ಬರೆದೆ. ಆ ದೂತರು ಹಡಗು ಹತ್ತಿ ಊರೂರು ಅಲೆಯುತ್ತಾರೆ. ಕೇಳಿದ ರಾಜಕುಮಾರರೆಲ್ಲ ಉಪಚಾರಕ್ಕೆ ‘ಬೇಡ’ ಎನ್ನುತ್ತಾರೆ, ಇವರು ನಂಬುತ್ತಾರೆ. ಕೊನೆಗೆ ದಸರೆಯ ದಿನ ಮೈಸೂರಿಗೆ ಬಂದು ಮುಟ್ಟಿದರೆ, ಜಗುಲಿಯ ಮೇಲೆ ಜರಿಪೇಟ ಕಟ್ಟಿಕೊಂಡು ನಮ್ಮ ಮುತ್ತಾತ ಕುಳಿತಿದ್ದಾನೆ. ಅವನು ಅರಮನೆಯ ಉಗ್ರಾಣದ ಗುಮಾಸ್ತ, ಆದರೆ ಆ ದಿನ ಮೈಸೂರಿನಲ್ಲಿ ಯಾರನ್ನು ನೋಡಿದರೂ ರಾಜನ ಹಾಗೆಯೇ ಕಾಣುತ್ತಾರೆ. ದೂತರು ಕಾಲಿಗೆ ಬೀಳುತ್ತಾರೆ.

ಆಮೇಲೆ ಓಸ್ಲೋದಲ್ಲಿ ನಮ್ಮದೇ ವಂಶ. ಮೀನು ತಿಂದು ಬದುಕುವ ದೇಶಕ್ಕೆ ಹುಳಿಯನ್ನದ ರಾಜ. ಮಂತ್ರಿಮಂಡಲ ತುರ್ತಾಗಿ ಸೇರಿ ಹುಣಸೆಹಣ್ಣಿಗೆ ಹಡಗು ಕಳಿಸುತ್ತದೆ. ಮುತ್ತಜ್ಜಿ ಅರಮನೆಯ ತಾರಸಿಯ ಮೇಲೆ ಹಪ್ಪಳ ಹರವಿ ಬಿಸಿಲಿಗೆ ಕಾಯುತ್ತಾಳೆ, ಅಕ್ಟೋಬರಿನಿಂದ ಮಾರ್ಚಿನವರೆಗೆ ಕಾಯುತ್ತಾಳೆ. ವಿಜಯದಶಮಿಗೆ ಆನೆ ಸಿಗದೆ ಹಿಮಸಾರಂಗದ ಮೇಲೆ ಅಂಬಾರಿ ಕಟ್ಟುತ್ತಾರೆ. ನಾನು ಹಿರಿಯ ಯುವರಾಜ. ಕ್ರೇಗ್ ನನ್ನನ್ನು ಕಾಣಲು ಒಂದು ತಿಂಗಳು ಮೊದಲೇ ಅರ್ಜಿ ಹಾಕಿಕೊಳ್ಳಬೇಕು.

ಇಂಗ್ರಿಡ್ ಇದನ್ನೆಲ್ಲ ಶಾಂತವಾಗಿ ಕೇಳಿ, ‘ಚೆನ್ನಾಗಿದೆ. ಆದರೆ ನಿನ್ನ ಮುತ್ತಾತ ಮೊದಲನೇ ಸಲಕ್ಕೇ ಹೂಂ ಅಂತಿದ್ದನಾ’ ಎಂದು ಕೇಳಿದಳು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಆ ಮುತ್ತಾತ ಒಂದು ಲೋಟ ಮಜ್ಜಿಗೆಗೂ ಹೂಂ ಅಂದವನಲ್ಲ. ನಮ್ಮ ರಾಜವಂಶ ಅಲ್ಲಿಗೇ ಮುಗಿಯಿತು.

ಅಷ್ಟರಲ್ಲಿ ಡೇವ್ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟ. ಕ್ರೇಗ್ ಮತ್ತೆ ನನ್ನ ಮೇಜಿನ ಹತ್ತಿರ ಬಂದ. ‘ಈ ಸಲವಾದರೂ ತಗೊಳ್ತೀಯಾ’ ಎಂದ. ಸುಧಾ ಹೇಳಿಕೊಟ್ಟ ‘ಯೆಸ್’ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಎದುರಿಗೆ ಇಂಗ್ರಿಡ್ ಕುಳಿತಿದ್ದಳು, ನನ್ನ ತಲೆಯ ತುಂಬ ಆ ಡೆನ್ಮಾರ್ಕಿನ ರಾಜಕುಮಾರನಿದ್ದ. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ‘ಮೊದಲು ಜನರನ್ನು ಕೇಳಿ’ ಎಂದೆ.

‘ಫೇರ್ ಇನಫ್’ ಎಂದ ಕ್ರೇಗ್. ಜನ ಎಂದರೆ ನಾವು ಏಳು ಮಂದಿ. ಚುನಾವಣೆ ಎಂದ ಮೇಲೆ ಎದುರಾಳಿ ಬೇಕಲ್ಲ ಎಂದು ಅವನು ಇಂಗ್ರಿಡ್ಡಳ ಹೆಸರನ್ನೂ ಸೇರಿಸಿದ. ಅವಳು ಭುಜ ಕುಣಿಸಿ ‘ಆಗಲಿ’ ಎಂದಳು. ಯಾರದೋ ಹೆಲ್ಮೆಟ್ಟು ಮತಪೆಟ್ಟಿಗೆಯಾಯಿತು. ನಾನು ಚೀಟಿ ಬರೆದು ಮಡಿಸಿ ಹಾಕಿ, ಗೆದ್ದ ಮೇಲೆ ಆಡಬೇಕಾದ ಎರಡು ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕ್ರೇಗ್ ಎಣಿಸಿದ. ಇಂಗ್ರಿಡ್ ನಾಲ್ಕು, ನಾನು ಮೂರು.

ಮೊದಲು ಕೈ ಕುಲುಕಿದವನು ನಾನೇ. ಇಂಗ್ರಿಡ್ ನಿಜವಾಗಿ ಗಾಬರಿಯಾಗಿದ್ದಳು. ‘ನಾನು ನಿನಗೇ ವೋಟ್ ಹಾಕಿದೆ. ನಿನ್ನ ಯೋಜನೆ ನನಗೆ ಇಷ್ಟ ಇತ್ತು’ ಎಂದಳು. ಆಗ ನನಗೆ ಲೆಕ್ಕ ಸ್ಪಷ್ಟವಾಯಿತು, ಮುಖ ಬಿಸಿಯಾಯಿತು.

ಸಂಜೆ ಸುಧಾ ಬಾಗಿಲಲ್ಲೇ ಕಾಯುತ್ತಿದ್ದಳು. ಒಂದೇ ಒಂದು ವೋಟಿನಿಂದ ಸೋತೆನೆಂದೂ ಇಂಗ್ರಿಡ್ ನನಗೇ ಹಾಕಿದ್ದಳೆಂದೂ ಕೇಳಿ ಅವಳಿಗೆ ನನ್ನ ಮೇಲಿದ್ದ ಕೋಪವೆಲ್ಲ ಆ ಅನಾಮಧೇಯ ದ್ರೋಹಿಯ ಮೇಲೆ ಹರಿಯಿತು.

‘ಎದುರಿಗೆ ನಿಂತೋಳೇ ನಿಮಗೆ ಹಾಕಿದ್ದಾಳೆ ಅಂದ್ರೆ, ನಿಮ್ಮವರು ಅನ್ಕೊಂಡಿದ್ದೋರು ಯಾರೋ ಕೈ ಕೊಟ್ಟಿದ್ದಾರೆ. ಯಾರು ಅಂತ ಗೊತ್ತಾಯ್ತಾ?’

‘ಗೊತ್ತಾಯ್ತು’ ಎಂದೆ. ‘ತನ್ನ ಹೆಸರು ತಾನೇ ಬರ್ಕೊಳ್ಳೋದು ಚೆನ್ನಾಗಿರಲ್ಲ ಅಂತ ಅವಳ ಹೆಸರು ಬರ್ದುಬಿಟ್ನಂತೆ.’

‘ಎಂಥ ಮನುಷ್ಯ ಅವನು. ಅವನ ಜೊತೆ ಇನ್ನು ಮಾತು ಬಿಟ್ಬಿಡಿ.’

‘ಹೇಗೆ ಬಿಡೋದು ಸುಧಾ, ದಿನಾ ಬೆಳಿಗ್ಗೆ ಅವನ ಗಡ್ಡ ನಾನೇ ಹೆರೀಬೇಕಲ್ಲ’ ಎಂದೆ.