ಅತ್ತೆಯವರ ಎಡೆ ಮುಟ್ಟದ ಕಾಗೆಯವರಿಗೆ

ಮಾಂಬಳ್ಳಿ, ೧೯೬೪

ಹುಣಸೆಮರದಲ್ಲಿ ಸುಖವಾಗಿ ನೆಲೆಸಿರುವ ಮಾನ್ಯ ಕಾಕರಾಜರೇ,

ಶನಿದೇವರ ವಾಹನರೂ, ಪಿತೃಲೋಕಕ್ಕೂ ನಮ್ಮ ಲೋಕಕ್ಕೂ ಟಪಾಲು ಹೊರುವವರೂ ಆದ ತಮಗೆ ಇದೇ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು ಪುಟ್ಟಸಿದ್ದಯ್ಯ ಮಾಡುವ ನಮಸ್ಕಾರಗಳು. ಇಡೀ ಯಳಂದೂರು ತಾಲ್ಲೂಕಿನಲ್ಲಿ ನನ್ನಷ್ಟು ಪುರಾಣ ಬಲ್ಲವರಿಲ್ಲವೆಂದು ಹೇಳುವವರಿದ್ದಾರೆ; ಹಾಗೆ ಹೇಳುವವನು ಹೆಚ್ಚಾಗಿ ನಾನೇ.

ಮೊನ್ನೆ ತೀರಿಕೊಂಡ ನಮ್ಮ ಅತ್ತೆ ಪುಟ್ಟಮಾದಮ್ಮನವರ ಹಾಲುತುಪ್ಪದ ಕಾರ್ಯ. ಸಮಾಧಿಯ ಮುಂದೆ ಅವರಿಗಿಷ್ಟವಾದ ಮುದ್ದೆ, ಅವರೆಕಾಳಿನ ಸಾರು, ವಡೆ ಬಡಿಸಿ, ತಾವು ಬಂದು ಮುಟ್ಟಲೆಂದು ಮನೆಮಂದಿಯೆಲ್ಲ ಹಸಿದುಕೊಂಡು ಕಾದೆವು. ತಾವು ಬಂದಿರಿ, ಕತ್ತು ಓರೆ ಮಾಡಿ ನೋಡಿದಿರಿ, ಮುಟ್ಟಲಿಲ್ಲ. ಸತ್ತವರಿಗೆ ಕೊರಗು ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ. ನನ್ನ ಹೆಂಡತಿ ರಾಚಮ್ಮ "ಅವ್ವಾ, ನಿಂಗೇನ್ ಕಮ್ಮಿ ಮಾಡ್ದೆ ಯೋಳವ್ವಾ" ಎಂದು ಗೋಳಾಡತೊಡಗಿದಳು. ನೆಂಟರೆಲ್ಲ ಅಳಿಯನಾದ ನನ್ನ ಮುಖ ನೋಡಿದರು.

ಆಗ ನನ್ನ ಪಾಂಡಿತ್ಯ ಕೆರಳಿತು. ಸೀತಮ್ಮನವರನ್ನು ಕುಕ್ಕಿದ ತಮ್ಮ ಪೂರ್ವಿಕ ಕಾಕಾಸುರರ ಮೇಲೆ ಶ್ರೀರಾಮನು ಹುಲ್ಲುಕಡ್ಡಿಯನ್ನೇ ಅಸ್ತ್ರ ಮಾಡಿ ಬಿಟ್ಟು, ಅವರು ಶರಣಾದ ಮೇಲೆ ಪ್ರಾಣ ಉಳಿಸಿ ಒಂದು ಕಣ್ಣನ್ನಷ್ಟೇ ತೆಗೆದನಲ್ಲವೇ? ಅಂದಿನಿಂದ ತಮ್ಮ ವಂಶಕ್ಕೆಲ್ಲ ಒಂದೇ ಕಣ್ಣುಗುಡ್ಡೆ, ಅದು ಎರಡು ಗೂಡುಗಳ ನಡುವೆ ಬೇಕಾದ ಕಡೆಗೆ ಉರುಳಿಕೊಳ್ಳುತ್ತದೆ, ಕತ್ತು ಓರೆಯಾಗುವುದು ಅದಕ್ಕೇ ಎಂದು ನೆರೆದವರಿಗೆಲ್ಲ ಸವಿಸ್ತಾರವಾಗಿ ವಿವರಿಸಿ, ತಮಗೆ ಕಾಣಲೆಂದು ಬಾಳೆಎಲೆಯನ್ನು ಎಡಕ್ಕೆ ಎಳೆದೆ. ತಾವು ಹಾರಿ ಕುಳಿತು ಬಲಕ್ಕೆ ಓರೆಯಾದಿರಿ. ನಾನೂ ಬಲಕ್ಕೆ ಎಳೆದೆ. ಸಾರು ನನ್ನ ಪಂಚೆಯ ಮೇಲೆ ಹರಿಯಿತು. ಬಾಮೈದ ದೊಡ್ಡಮಾದಪ್ಪನಿಗೆ ತಡೆಯಲಾಗಲಿಲ್ಲ: "ಬಾವ, ಕಾಗೆ ಉಣ್ಣಾಕ್ ಬಂದದೋ ಬಸ್ಕಿ ಒಡ್ಯಾಕ್ ಬಂದದೋ? ಅತ್ಲಾಗ್ ಓಗಿ ನಿಂತ್ಕಳಿ!"

ಹೋಗಿ ಬದುವಿನಾಚೆ ನಿಂತೆ. ಮಾನ್ಯರೇ, ತಾವು ಆ ಕ್ಷಣವೇ ಇಳಿದು, ಬಳಗವನ್ನೂ ಕೂಗಿ ಕರೆದು, ಎಲೆ ಹರಿಯುವ ತನಕ ಉಂಡಿರಿ. ತಮ್ಮ ಗುಣಗ್ರಾಹಕತೆಗೆ ನಾನು ಬೆರಗಾಗಿದ್ದೇನೆ. ಆದರೂ ಇನ್ನು ಮುಂದೆ ಎಡೆ ನಿರಾಕರಿಸುವ ಮುನ್ನ ಕಾರಣವನ್ನು ಬರವಣಿಗೆಯಲ್ಲಿ, ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ ಕೈಲಾದರೂ, ಕಳುಹಿಸಬೇಕೆಂದೂ, ಅಳಿಯಂದಿರ ಮಾನ ಹೋಗುವ ಪ್ರಸಂಗಗಳಲ್ಲಿ ಒಂದು ಅಗುಳನ್ನಾದರೂ ಮುಂಗಡವಾಗಿ ಮುಟ್ಟಬೇಕೆಂದೂ ವಿನಂತಿಸುತ್ತೇನೆ.

ಈ ಸಲದ ಕಾರಣವನ್ನು ರಾಚಮ್ಮನೇ ತಿಳಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವ್ವ ಹೋದ ಮೇಲೆ ಮೊದಲ ಸಲ ನಗುತ್ತ, ಬದುವಿನ ತನಕ ಬಂದು ಹೇಳಿದಳು: "ನಮ್ಮವ್ವಂಗೆ ನಿಮ್ ಮ್ಯಾಲೆ ಸಿಟ್ಟಿರ್ನಿಲ್ಲ ಕಣ್ರಿ. ಉಣ್ಣೋವಾಗಾದ್ರೂ ಅಳಿಯಂದ್ರು ಪಾಠ ಯೋಳ್ದೆ ಸುಮ್ಕಿರ್ಲಿ ಅಂತಿದ್ಲು, ಅಷ್ಟೇಯ."

ಇಂತು, ತಮ್ಮ ವಿಶ್ವಾಸಿಯೂ, ಅಂದಿನಿಂದ ಊಟಕ್ಕೆ ಕೂತಾಗ ಮೌನಿಯೂ ಆದ
ಪುಟ್ಟಸಿದ್ದಯ್ಯ

ತಾ.ಕ.: ತಾವು ಉಣ್ಣುವಾಗ ನೋಡಿದೆ, ಎರಡು ಕಣ್ಣೂ ನೆಟ್ಟಗಿವೆ. ನಾಲ್ಕನೇ ಕ್ಲಾಸಿಗೆ ಒಂದೇ ಎಂದು ಪಾಠ ಮಾಡಿಬಿಟ್ಟಿದ್ದೇನೆ. ದಯಮಾಡಿ ಇನ್‌ಸ್ಪೆಕ್ಟರು ಬರುವ ದಿನ ನಮ್ಮ ಶಾಲೆಯ ಕಿಟಕಿಯಲ್ಲಿ ಕೂರಬೇಡಿ. ಕೂತೇ ತೀರುವುದಾದರೆ, ಒಂದು ಕಣ್ಣು ಮುಚ್ಚಿಕೊಂಡಿರಿ.