ಜನಗುಡುಗಿನ ಮುಂದಿನ ಹಲ್ಲು

ಷಡ್ಡಕ ಹೊಸ ಕಾರಿಗೆ ಒರಗಿ ಬಾಯಿತುಂಬ ನಗುತ್ತಿದ್ದ ಫೋಟೋ ಬೆಳಿಗ್ಗೆ ಕಾಫಿಗಿಂತ ಮುಂಚೆಯೇ ಮೊಬೈಲಿಗೆ ಬಂದುಬಿಟ್ಟಿತು. ಮೀಟರಪ್ಪ ಮೊದಲು ನೋಡಿದ್ದು ಕಾರನ್ನಲ್ಲ, ಹಲ್ಲನ್ನು. ಮೇಲೊಂದು ಸಾಲು, ಕೆಳಗೊಂದು ಸಾಲು, ಎಲ್ಲ ಭರ್ತಿ. ತನ್ನ ಬಾಯಲ್ಲಿ ಮುಂದಿನ ಹಲ್ಲೊಂದು ಇದ್ದ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಆಮೇಲೆ ಕಾರು ನೋಡಿದ. ಹೊಟ್ಟೆಯೊಳಗೆ ಯಾರೋ ಸ್ಟವ್ ಹಚ್ಚಿದಂತಾಯಿತು.

"ಯಾರದ್ರೀ ಫೋಟೋ?" ಹೆಂಡತಿ ಹೆಗಲ ಮೇಲಿಂದ ಇಣುಕಿದಳು. "ಅಯ್ಯೋ, ನನ್ನ ತಂಗಿ ಗಂಡ! ಕಾರು ತಗೊಂಡೇಬಿಟ್ರಾ? ಎಷ್ಟು ಚೆನ್ನಾಗಿದೆ!"

"ಏನು ಚೆನ್ನಾಗಿದೆ? ಕಾರಾ, ಅವನಾ?"

"ಎರಡೂ," ಎಂದು ಆಕೆ ಫೋಟೋ ದೊಡ್ಡದು ಮಾಡಿ ನೋಡಿದಳು. ಮೀಟರಪ್ಪನಿಗೆ ಕಾಫಿ ಸೇರಲಿಲ್ಲ.

ಮೀಟರಪ್ಪ ಅವನ ಹೆಸರಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಕೆಟ್ಟ ಮೀಟರು ರಿಪೇರಿ ಮಾಡುವ ವಿಭಾಗದಲ್ಲಿ ಕೂತೂ ಕೂತೂ ಅಂಟಿಕೊಂಡದ್ದು. ನೆಂಟರು, ನೆರೆಯವರು, ಆಫೀಸಿನವರು ಎಲ್ಲ ಸೇರಿಕೊಂಡಿದ್ದ 'ಮುಕ್ತ ಚರ್ಚೆ' ಎಂಬ ಆನ್‌ಲೈನ್ ಗುಂಪಿನಲ್ಲಿ ಮಾತ್ರ ಅವನು ತನಗೆ ತಾನೇ ಇಟ್ಟುಕೊಂಡ ಹೆಸರು 'ಜನಗುಡುಗು'. ಎದುರಿಗೆ ಸಿಕ್ಕಿದರೆ ಬೆಕ್ಕಿಗೂ ದಾರಿ ಬಿಟ್ಟು ನಿಲ್ಲುವ ಈ ಮನುಷ್ಯ ಮೊಬೈಲು ಹಿಡಿದರೆ ಸಾಕು, ಹುಲಿ.

ಹುಲಿಯಾಗಿಸಿದವನು ಷಡ್ಡಕನೇ. ಅವನಿಗೆ ಟೈಲ್ಸ್ ಅಂಗಡಿ. ಎರಡು ವರ್ಷದ ಹಿಂದೆ 'ಮಿಂಚು' ಅನ್ನುವ ಕ್ರಿಪ್ಟೋ ಕಾಯಿನ್ ಹಿಡಿದುಕೊಂಡು ಗುಂಪಿಗೆ ಬಂದ. ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಬದುಕುವ ದುಡ್ಡು; ಅಚ್ಚು ಹಾಕುವ ಸರ್ಕಾರವಿಲ್ಲ, ಇಟ್ಟುಕೊಳ್ಳುವ ಬ್ಯಾಂಕಿಲ್ಲ. 'ನನ್ನ ದುಡ್ಡಿನ ಮೇಲೆ ಸರ್ಕಾರಕ್ಕೇನು ಅಧಿಕಾರ? ಮಿಂಚು ಕೊಂಡವನು ಸ್ವತಂತ್ರ!' ಎಂದು ಬರೆದ. ಗುಂಪಿನ ಅರ್ಧ ಜನ ಸ್ವತಂತ್ರರಾಗಲು ಕ್ಯೂ ನಿಂತರು. ಆ ದಿನದವರೆಗೆ ಮೀಟರಪ್ಪನಿಗೆ ರಾಜಕೀಯದ ಗಂಧಗಾಳಿ ಇರಲಿಲ್ಲ. ಷಡ್ಡಕ ಸರ್ಕಾರ ಬೇಡ ಅಂದನಲ್ಲ, ಆದ್ದರಿಂದ ಇವನಿಗೆ ಸರ್ಕಾರ ಬೇಕಾಯಿತು. ಅವನು ಖಾಸಗಿ ಆಸ್ತಿ ಅಂದ, ಇವನು ಸಾರ್ವಜನಿಕ ಆಸ್ತಿ ಅಂದ. ಅವತ್ತು ಅವನು ತಿರುಗಾಮುರುಗಾ ಹೇಳಿದ್ದರೆ ಇವನ ಸಿದ್ಧಾಂತವೂ ತಿರುಗಾಮುರುಗಾ ಆಗುತ್ತಿತ್ತು, ಅಷ್ಟೇ.

ಹಲ್ಲು ಹೋದದ್ದೂ ಇದೇ ವಾದದಲ್ಲಿ. ಮೂರು ತಿಂಗಳ ಹಿಂದೆ ಮೀಟರಪ್ಪ ರಾತ್ರಿಯೆಲ್ಲ ಕೂತು ಬರೆದ ದೊಡ್ಡ ಲೇಖನಕ್ಕೆ ಷಡ್ಡಕ ಬರೀ 'ಹ್ಹಹ್ಹ' ಎಂದು ಉತ್ತರ ಕೊಟ್ಟ. ಲೇಖನಕ್ಕೆ ಬಿದ್ದ ಲೈಕು ಎರಡು, ಹ್ಹಹ್ಹಕ್ಕೆ ಐವತ್ತು. ಅದನ್ನು ನೋಡುತ್ತ ಮೀಟರಪ್ಪ ಬಾಯಲ್ಲಿದ್ದ ಪೆನ್ನಿನ ಕ್ಯಾಪನ್ನು ಎಷ್ಟು ಜೋರಾಗಿ ಕಡಿದನೆಂದರೆ ಕ್ಯಾಪು ಉಳಿಯಿತು, ಹಲ್ಲು ಉಳಿಯಲಿಲ್ಲ.

"ಇವತ್ತು ಸಂಜೆ ಮರೀದೆ ಹಲ್ಲಿನ ಡಾಕ್ಟರ ಹತ್ರ ಹೋಗಿ," ಎಂದಳು ಹೆಂಡತಿ. "ಟ್ಯೂಷನ್ ದುಡ್ಡು ಕೂಡಿಟ್ಟಿದ್ದೆ, ನಿಮ್ಮ ಖಾತೆಗೆ ಹಾಕಿದ್ದೀನಿ. ನಾಳೆ ಅಪ್ಪನ ಮನೇಲಿ ಎಲ್ಲರೂ ಸೇರಿ ಫೋಟೋ ತೆಗೆಸ್ಕೊಳ್ಳೋದು. ಅಳಿಯಂದಿರು ಇಬ್ರೂ ಅಕ್ಕಪಕ್ಕ. ಹೋದ ಸಲದ ಹಾಗೆ ಬಾಯಿಗೆ ಕರ್ಚೀಫು ಹಿಡ್ಕೊಂಡು ನಿಂತ್ರೆ ನಾನು ಅಪ್ಪನ ಪಕ್ಕಕ್ಕೆ ಹೋಗ್ತೀನಿ, ನೋಡಿ."

ಮೀಟರಪ್ಪ ತಲೆಯಾಡಿಸಿದ. ಆದರೆ ಬಸ್ಸಿನಲ್ಲಿ ನೇತಾಡುತ್ತ ಆಫೀಸಿಗೆ ಹೋಗುವಷ್ಟೂ ಹೊತ್ತು ಅವನ ಕಣ್ಣ ಮುಂದೆ ಇದ್ದದ್ದು ಹಲ್ಲಲ್ಲ, ಕಾರು. ಹಲ್ಲು ಕಟ್ಟಿಸಿದರೂ ಷಡ್ಡಕ ಕಾರಿನಲ್ಲಿ ಬಂದಿಳಿಯುತ್ತಾನೆ, ತಾನು ಬಸ್ಸಿಳಿದು ನಡೆದು ಹೋಗಬೇಕು. ಹೊಸ ಹಲ್ಲನ್ನು ಕಡಿಯುವುದಕ್ಕೇ ಕಟ್ಟಿಸಿದಂತಾಗುತ್ತದೆ.

ಆಫೀಸಿನ ಸ್ಟೋರ್‌ಕೀಪರ್ ಊರ ಉಸಾಬರಿಯೆಲ್ಲ ತನ್ನದೇ ಅಂದುಕೊಂಡವನು. ಮೀಟರಪ್ಪನ ಮುಖ ನೋಡಿದವನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ಷಡ್ಡಕರ ಕಾರು ನೋಡಿದ್ರಾ ಸರ್? ಎಲ್ಲ ಮಿಂಚಿನ ಮಹಿಮೆ! ನೀವು ಸಿದ್ಧಾಂತ ಸಿದ್ಧಾಂತ ಅಂತ ಕೂತ್ರಿ. ಸಿದ್ಧಾಂತಕ್ಕೆ ಪೆಟ್ರೋಲ್ ಹಾಕಿದ್ರೆ ಓಡುತ್ತಾ?"

"ನಾನು ಅದನ್ನ ಕೈಯಲ್ಲೂ ಮುಟ್ಟಲ್ಲ," ಎಂದ ಮೀಟರಪ್ಪ. ಹಲ್ಲಿಲ್ಲದ ಸಂದಿಯಲ್ಲಿ ಸ್ವಲ್ಪ ಸಿಳ್ಳೆ ಬಂತು.

"ಕೈಯಲ್ಲಿ ಮುಟ್ಟೋದು ಬೇಡ ಸರ್, ಬೆರಳಲ್ಲಿ ಒತ್ತಿದ್ರೆ ಸಾಕು. ಇಲ್ನೋಡಿ, ಯಾರೋ ಈಗಷ್ಟೇ ಮಾರಾಟಕ್ಕಿಟ್ಟಿದ್ದಾರೆ. ನೂರು ಕಾಯಿನ್ ಕೊಂಡ್ರೆ ಐದು ಫ್ರೀ! ಕಾಯಿನ್ ವ್ಯವಹಾರದಲ್ಲಿ ಇಂಥ ಉದಾರಿಗಳನ್ನ ನಾನು ನೋಡೇ ಇಲ್ಲ. ಬೆಳಿಗ್ಗೆ ಹಾಕಿ, ಸಂಜೆ ತೆಗೀರಿ. ಯಾರಿಗೆ ಗೊತ್ತಾಗುತ್ತೆ? ಇದರಲ್ಲಿ ಕೊಂಡವರ ಹೆಸರೂ ಇರಲ್ಲ, ಮಾರಿದವರ ಹೆಸರೂ ಇರಲ್ಲ."

ಮೀಟರಪ್ಪ ಎದ್ದು ಹೋಗಿ ನೀರು ಕುಡಿದ. ಬಂದು ಕೂತ. ಮತ್ತೆ ಎದ್ದು ಹೋಗಿ ನೀರು ಕುಡಿದ. ಮೂರನೇ ಸಲ ಎದ್ದವನು ಸ್ಟೋರಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ತುಕ್ಕು ಹಿಡಿದ ಮೀಟರುಗಳ ಮಧ್ಯೆ ನಿಂತು ಹಲ್ಲಿನ ದುಡ್ಡಷ್ಟನ್ನೂ ಮಿಂಚಿಗೆ ಸುರಿದ.

ಮಧ್ಯಾಹ್ನದ ಹೊತ್ತಿಗೆ ಬೆಲೆ ಏರಿತು. ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಮತ್ತೂ ಏರಿತು. ಮೀಟರಪ್ಪನಿಗೆ ಆ ಹಸಿರು ಗೆರೆಯ ಮೇಲೆ ಸ್ವಂತ ಮಗುವಿನ ಮೇಲಿನಂಥ ಮಮತೆ ಹುಟ್ಟಿತು. ಸಂಜೆ ಮಾರಿದರೆ ಹಲ್ಲು ಆಗುತ್ತದೆ, ಇನ್ನೊಂದು ವಾರ ಬಿಟ್ಟರೆ ಸ್ಕೂಟರು, ಒಂದು ವರ್ಷ ಬಿಟ್ಟರೆ ಷಡ್ಡಕನದ್ದಕ್ಕಿಂತ ಒಂದು ಗೇಣು ಉದ್ದದ ಕಾರು. ಸರ್ಕಾರ ಇಲ್ಲದಿದ್ದರೂ ಲೋಕ ನಡೆದೀತು ಎಂದು ಅವನಿಗೆ ಮೊಟ್ಟಮೊದಲ ಬಾರಿಗೆ ಅನಿಸಿತು.

ಒಂದೇ ತೊಡಕು. ಅವತ್ತು ಗುಂಪಿನಲ್ಲಿ ಮಹಾಚರ್ಚೆ: 'ಮಿಂಚು ಬೇಕೋ, ಬೇಡವೋ?' ಷಡ್ಡಕ ಪರ, ಜನಗುಡುಗು ವಿರೋಧ, ಎಂದು ವಾರದ ಹಿಂದೆಯೇ ಎಲ್ಲರಿಗೂ ತಿಳಿಸಲಾಗಿತ್ತು. ಮಿಂಚು ಇನ್ನೂ ಎಳೆಯ ಕಾಯಿನ್. ಕೊಳ್ಳುವವರು, ಮಾರುವವರು ಹೆಚ್ಚುಕಡಿಮೆ ಇದೇ ಗುಂಪಿನವರು. ಅವರೆದುರು ಅದನ್ನು ಬೈಯುವುದೆಂದರೆ ತನ್ನ ಹಲ್ಲನ್ನು ತಾನೇ ಇನ್ನೊಮ್ಮೆ ಮುರಿದುಕೊಂಡಂತೆ. 'ಹೊಟ್ಟೆನೋವು. ಇವತ್ತು ಬರಲಾರೆ' ಎಂದು ಬರೆದು ಮೊಬೈಲನ್ನು ಡ್ರಾಯರಿನಲ್ಲಿಟ್ಟ. ಹೊಟ್ಟೆಯ ವಿಷಯದಲ್ಲಿ ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ.

ಡ್ರಾಯರು ಮುಚ್ಚಿಯೇ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಅವನು ತೆರೆದು ನೋಡಿದ.

ಅವನ ಜಾಗಕ್ಕೆ ಪಕ್ಕದ ಬೀದಿಯ ನಿವೃತ್ತ ಲೈಬ್ರರಿ ಮೇಡಂ ಬಂದಿದ್ದರು. 'ದುಡ್ಡೆಂದರೆ ಬೀದಿ ನಲ್ಲಿ ಇದ್ದ ಹಾಗೆ. ಅದು ಎಲ್ಲರದ್ದೂ ಆಗಿದ್ದರೆ ಮಾತ್ರ ಸಾಲು ನೆಟ್ಟಗಿರುತ್ತದೆ' ಎಂದು ಬರೆದಿದ್ದರು. ಮೀಟರಪ್ಪನಿಗೆ ರಕ್ತ ಕುದಿಯಿತು. ಅದು ಅವನದೇ ಮಾತು! ಆರು ತಿಂಗಳ ಹಿಂದೆ ಅವನು ಬರೆದಾಗ ಒಂದೇ ಲೈಕು ಬಿದ್ದಿತ್ತು, ಅದೂ ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಮೊಬೈಲಿನಿಂದ ತಾನೇ ಒತ್ತಿದ್ದು. ಈಗ ಅದೇ ಮಾತಿಗೆ ಲೈಕುಗಳ ಸುರಿಮಳೆ. 'ಎಂಥಾ ಹೋಲಿಕೆ ಮೇಡಂ!' 'ನೀವು ಇಷ್ಟು ದಿನ ಎಲ್ಲಿದ್ದಿರಿ?'

ತಡೆದುಕೊಂಡ. ಡ್ರಾಯರಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು ತಡೆದುಕೊಂಡ. ಅಷ್ಟರಲ್ಲಿ ಷಡ್ಡಕ ಬರೆದ: 'ಮೇಡಂ, ಒಳ್ಳೆಯ ವಾದ. ನಿಜ ಹೇಳಬೇಕೆಂದರೆ, ನಮ್ಮ ಭಾವ ಇದ್ದಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.'

ಅಲ್ಲಿಗೆ ಮುಗಿಯಿತು. ತನ್ನ ದುಡ್ಡು ಅದೇ ಕಾಯಿನ್ನಿನಲ್ಲಿದೆ ಎಂಬುದು ಮೀಟರಪ್ಪನಿಗೆ ಮರೆತಿರಲಿಲ್ಲ. ಆದರೆ ಹೊಟ್ಟೆಕಿಚ್ಚು ಸ್ಟಿಯರಿಂಗ್ ಹಿಡಿದಿತ್ತು, ನೆನಪು ಹಿಂದಿನ ಸೀಟಿನಲ್ಲಿ ಕೂತು ಕೂಗುತ್ತಿತ್ತು. ಅವನು ಒಂದೇ ಉಸಿರಿಗೆ ಬರೆದ:

'ನಾನು ನೀರಿನ ಮೀಟರು ರಿಪೇರಿ ಮಾಡುವವನು. ಒಂದು ಗುಟ್ಟು ಹೇಳುತ್ತೇನೆ. ನೀರು ನಿಂತು ಹೋಗಿ ಮತ್ತೆ ಬರುವ ಮುಂಚೆ ಪೈಪಿನಲ್ಲಿ ಬರೀ ಗಾಳಿ ನುಗ್ಗುತ್ತದೆ. ಆ ಗಾಳಿಗೂ ಮೀಟರು ಗಿರಗಿರ ತಿರುಗುತ್ತದೆ. ಮನೆಯವರು ಮುಳ್ಳು ನೋಡಿ, ಆಹಾ, ಎಷ್ಟೊಂದು ನೀರು ಅಂದುಕೊಳ್ಳುತ್ತಾರೆ. ಬಕೆಟ್ಟು ನೋಡಿದರೆ ಒಣಗಿರುತ್ತದೆ. ನೀವೆಲ್ಲ ಬೆಳಿಗ್ಗೆಯಿಂದ ನೋಡುತ್ತಿರುವುದು ಮುಳ್ಳು. ಯಾರಾದರೂ ಒಬ್ಬರು ಬಕೆಟ್ಟು ನೋಡಿದ್ದೀರಾ?'

ಆಮೇಲೆ ಲೈಕುಗಳು ಬಂದವು ನೋಡಿ! ಹತ್ತು, ಮೂವತ್ತು, ಎಂಬತ್ತು. ಜನ್ಮದಲ್ಲಿ ಕಾಣದಷ್ಟು. ಲೈಬ್ರರಿ ಮೇಡಂ ಕೂಡ ಕೈಮುಗಿದರು. ಮೀಟರಪ್ಪ ಕುರ್ಚಿಯಲ್ಲೇ ಒಂದು ಅಂಗುಲ ಎತ್ತರವಾದ.

ಬಾಗಿಲು ದಡಾರನೆ ತೆಗೆದುಕೊಂಡು ಸ್ಟೋರ್‌ಕೀಪರ್ ಓಡಿ ಬಂದ. "ಸರ್, ಓದಿದೆ ಸರ್! ಕಣ್ಣು ತೆರೆಸಿಬಿಟ್ರಿ! ನನ್ನ ಹತ್ರ ಇದ್ದಿದ್ದೆಲ್ಲ ಈಗಷ್ಟೇ ಮಾರಿಬಿಟ್ಟೆ!"

"ಅಯ್ಯೋ, ಬೆಳಿಗ್ಗೆ ನನಗೆ ಕೊಡಿಸಿದ್ಯಲ್ಲಯ್ಯಾ!"

"ಹೌದಲ್ವಾ ಸರ್..." ಅವನು ತಲೆ ಕೆರೆದುಕೊಂಡ. "ನೀವು ಮಾರಿದ ಮೇಲೇ ಬರೆದಿರ್ತೀರಿ ಅಂದ್ಕೊಂಡೆ. ಬುದ್ಧಿ ಇರೋರು ಹಾಗೇ ಅಲ್ವಾ ಮಾಡೋದು?"

ಮೀಟರಪ್ಪ ಬೆಲೆ ನೋಡಿದ. ಹಸಿರು ಗೆರೆ ಕೆಂಪಾಗಿ, ಮೆಟ್ಟಿಲಿನಿಂದ ಜಾರಿದವನಂತೆ ಕೆಳಗಿಳಿಯುತ್ತಿತ್ತು. ಗುಂಪಿನಲ್ಲಿ ಒಬ್ಬೊಬ್ಬರೇ ಬರೆಯುತ್ತಿದ್ದರು: 'ಬಕೆಟ್ಟು ನೋಡಿದೆ, ಮಾರಿದೆ.' 'ನಾನೂ ಮಾರಿದೆ, ಜನಗುಡುಗಿಗೆ ಜಯವಾಗಲಿ.' ಇವನು ಮಾರಾಟದ ಗುಂಡಿ ಒತ್ತಿದ. ಕೊಳ್ಳುವವರಿಲ್ಲ. ಬೆಲೆ ಇಳಿಸಿ ಒತ್ತಿದ. ಆಗಲೂ ಇಲ್ಲ. ಕೊಳ್ಳುವವರು ಯಾರಿದ್ದಾರೆ? ಕೊಳ್ಳಬೇಕಾದವರೆಲ್ಲ ಇವನಿಗೆ ಲೈಕು ಕೊಡುವುದರಲ್ಲಿದ್ದರು.

ಇನ್ನು ಒಂದೇ ದಾರಿ. 'ದಯವಿಟ್ಟು ಯಾರೂ ಮಾರಬೇಡಿ, ನಾನು ಹೇಳಿದ್ದು ತಪ್ಪು' ಎಂದು ಟೈಪು ಮಾಡಿದ. ಕಳಿಸಲು ಬೆರಳು ಚಾಚಿದ. ಆಗ ಷಡ್ಡಕನ ಮಾತು ಬಂತು: 'ಸೋತೆ. ನಮ್ಮ ಭಾವ ಗೆದ್ದರು.'

ಎರಡು ವರ್ಷದಿಂದ ಕನಸಿನಲ್ಲಿ ಕೇಳುತ್ತಿದ್ದ ಮಾತು! ಈಗ ತಪ್ಪು ಎಂದರೆ ಆ ಗೆಲುವು ಮತ್ತೆ ಅವನ ಪಾಲು. ಮೀಟರಪ್ಪ ಒಂದು ಕಣ್ಣಲ್ಲಿ ಗೆಲುವು, ಇನ್ನೊಂದು ಕಣ್ಣಲ್ಲಿ ಹಲ್ಲು ನೋಡಿದ. ಟೈಪು ಮಾಡಿದ್ದನ್ನೆಲ್ಲ ಅಳಿಸಿಹಾಕಿದ. ಹೋಗಲಿ, ಹಲ್ಲು ಯಾವಾಗಲಾದರೂ ಕಟ್ಟಿಸಿಕೊಳ್ಳಬಹುದು ಎಂದು ಎದೆ ಉಬ್ಬಿಸಿ ಗುಂಪು ನೋಡಿದರೆ, ಷಡ್ಡಕನ 'ಸೋತೆ'ಗೆ ಇವನ ಗೆಲುವಿಗಿಂತ ಹೆಚ್ಚು ಲೈಕು ಬಿದ್ದಿದ್ದವು. 'ಸೋಲನ್ನು ಒಪ್ಪಿಕೊಳ್ಳುವ ದೊಡ್ಡ ಗುಣ ಎಷ್ಟು ಜನಕ್ಕಿರುತ್ತದೆ!' ಎಂದು ಲೈಬ್ರರಿ ಮೇಡಂ ಬರೆದಿದ್ದರು.

ಸಂಜೆ ಹಲ್ಲಿನ ಡಾಕ್ಟರ ಬೋರ್ಡಿನ ಕೆಳಗೆ ನಿಂತು ಮೀಟರಪ್ಪ ಕೊನೆಯ ಸಲ ಬೆಲೆ ನೋಡಿದ. ಉಳಿದದ್ದರಲ್ಲಿ ಒಂದು ಟೂತ್‌ಬ್ರಶ್ಶು ಬರುತ್ತಿತ್ತು. ಮೆಟ್ಟಿಲು ಹತ್ತದೆ ಮನೆಗೆ ಬಂದು, "ಡಾಕ್ಟರ ಕುರ್ಚಿ ಕೆಟ್ಟಿದೆಯಂತೆ" ಎಂದ.

ಹೆಂಡತಿ ಬಾಯಿ ತೆರೆಯುವುದರೊಳಗೆ ಹೊರಗೆ ಹಾರ್ನ್ ಕೇಳಿಸಿತು. ಷಡ್ಡಕ ಕಾರು ತಂದಿದ್ದ. "ಗೆದ್ದವರನ್ನ ಒಂದು ರೌಂಡ್ ಕರ್ಕೊಂಡು ಹೋಗದೆ ಇರಕ್ಕಾಗುತ್ತಾ ಭಾವ? ಬನ್ನಿ, ಮುಂದೆ ಕೂತ್ಕೊಳ್ಳಿ. ಅಕ್ಕ, ನೀವೂ ಬನ್ನಿ."

ಸೀಟು ಮೆತ್ತಗಿತ್ತು. ಹೊಸ ಚರ್ಮದ ವಾಸನೆ ಘಮ್ಮೆಂದಿತು. ಮೀಟರಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಕೂತ.

"ನಿಮಗೊಂದು ಥ್ಯಾಂಕ್ಸ್ ಹೇಳ್ಬೇಕು ಭಾವ," ಎಂದ ಷಡ್ಡಕ, ಗೇರು ಬದಲಾಯಿಸುತ್ತ. "ಎಲ್ಲರ ಮುಂದೆ ಒಪ್ಕೊಳ್ಳೋಕೆ ಮರ್ಯಾದೆ ಅಡ್ಡ ಬರ್ತಿತ್ತು. ಆದ್ರೆ ನೀವು ಎರಡು ವರ್ಷದಿಂದ ಬೈದಿದ್ದೆಲ್ಲ ನಾನು ಮನಸ್ಸಿಟ್ಟು ಓದ್ತಿದ್ದೆ. ಹೋದ ವಾರ ಅನ್ನಿಸ್ತು, ಭಾವ ಹೇಳೋದೇ ನಿಜ ಅಂತ. ಸ್ವಲ್ಪ ಸ್ವಲ್ಪ ಮಾರಿ ಕಾರು ತಗೊಂಡೆ. ಕೊನೇ ಚೂರು ಮಾತ್ರ ಉಳ್ಕೊಂಡಿತ್ತು. ಅದೂ ಇವತ್ತು ಬೆಳಿಗ್ಗೆ ಹೋಯ್ತು."

"ಬೆಳಿಗ್ಗೆ?" ಎಂದ ಮೀಟರಪ್ಪ. ಸಿಳ್ಳೆ ಬಾರದ ಅಕ್ಷರಕ್ಕೂ ಸಿಳ್ಳೆ ಬಂತು.

"ಹ್ಞೂಂ. ಅಂಗಡಿ ಅಭ್ಯಾಸ ನೋಡಿ, ಟೈಲ್ಸ್ ಕೊಡುವಾಗ ನೂರಕ್ಕೆ ಐದು ಮೇಲೆ ಹಾಕ್ತೀವಿ, ದಾರೀಲಿ ಒಡೆದು ಹೋದ್ರೆ ಇರಲಿ ಅಂತ. ಇಲ್ಲೂ ಹಾಗೇ ಹಾಕ್ದೆ. ಯಾವನೋ ಒಬ್ಬ ಬುದ್ಧಿಗೇಡಿ ಅದನ್ನ ನೋಡಿ ಅಷ್ಟನ್ನೂ ತಗೊಂಡ! ಆ ದುಡ್ಡಲ್ಲೇ ಮಧ್ಯಾಹ್ನ ಈ ಸೀಟ್ ಕವರ್ ಹಾಕಿಸಿದ್ದು. ಹೇಗಿದೆ? ಚೆನ್ನಾಗಿ ಒರಗಿ ಕೂತ್ಕೊಳ್ಳಿ ಭಾವ."

ಮೀಟರಪ್ಪ ಒರಗಲಿಲ್ಲ. ತನ್ನ ಹಲ್ಲಿನ ಮೇಲೆ ತಾನೇ ಕೂತಿದ್ದೇನೆಂದು ತಿಳಿದ ಮೇಲೆ ಯಾರಿಗೆ ತಾನೇ ಒರಗಲು ಮನಸ್ಸು ಬರುತ್ತದೆ?

"ಪಾಪ," ಎಂದಳು ಹಿಂದಿನ ಸೀಟಿನಿಂದ ಹೆಂಡತಿ. "ಕೊಂಡವನ ಕತೆ ಹಾಗಿರಲಿ, ಅವನನ್ನ ಕಟ್ಕೊಂಡವಳ ಗತಿ ಏನೋ."

ಮನೆ ಮುಂದೆ ಇಳಿದಾಗ ಷಡ್ಡಕ ಮೊಬೈಲು ಎತ್ತಿ ಹಿಡಿದು, ಮೀಟರಪ್ಪನ ಹೆಗಲಿಗೆ ಕೈಹಾಕಿ ನಿಂತ. "ನಗಿ ಭಾವ, ಗೆದ್ದಿದ್ದೀರಿ!" ತಾನು ಎರಡು ಸಾಲೂ ಕಾಣುವಂತೆ ನಕ್ಕ. ಮೀಟರಪ್ಪ ತುಟಿ ಬಿಗಿದ.

ಫೋಟೋ ಗುಂಪಿಗೆ ಹೋಯಿತು. ಮೀಟರಪ್ಪ ಒಳಗೆ ಹೋಗಿ ಮೇಜಿನ ಮುಂದೆ ಕೂತು ನೋಡಿದ. ಲೈಬ್ರರಿ ಮೇಡಂ ಆಗಲೇ ಬರೆದಿದ್ದರು: 'ಸೋತವರ ನಗು ಎಷ್ಟು ಚಂದ! ಗೆದ್ದವರೇಕೆ ಮುಖ ಗಂಟು ಹಾಕಿಕೊಂಡಿದ್ದಾರೆ?' ಅದಕ್ಕೆ ಬಿದ್ದ ಲೈಕುಗಳು ಮಧ್ಯಾಹ್ನದ ಅವನ ಲೈಕುಗಳನ್ನು ದಾಟಿ ಮುಂದೆ ಹೋಗುತ್ತಿದ್ದವು. ಅವನ ಕೈ ತನ್ನಷ್ಟಕ್ಕೆ ತಾನೇ ಮೇಜಿನ ಮೇಲೆ ಹುಡುಕಾಡಿ ಏನನ್ನೋ ತೆಗೆದು ಬಾಯಿಗಿಟ್ಟಿತು.

"ರೀ, ಆ ಪೆನ್ನಿನ ಕ್ಯಾಪ್ ತೆಗೀರಿ ಮೊದಲು!" ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಒಂದು ಹಲ್ಲಿನ ದುಡ್ಡು ಕೊಟ್ಟಿದ್ದೀನಿ. ಎರಡನೇದಕ್ಕೆ ಎಲ್ಲಿಂದ ತರಲಿ?"