ಹಾಲ್ವರ್ಸನ್ ಮೇಷ್ಟ್ರ ಮೊದಲನೇ ಬೆಂಚು

ಅವತ್ತು ಸಂಜೆ ಐದರೊಳಗೆ ತನ್ನ ಮುಖ್ಯ ವಿಷಯ ಯಾವುದೆಂದು ಬರೆದುಕೊಡದಿದ್ದರೆ ಆರಿನ್ ಪ್ರೂಯಿಟ್‌ನ ಹೆಸರನ್ನು ಕಾಲೇಜಿನವರು ಹೊಡೆದುಹಾಕುತ್ತಿದ್ದರು. ಅವನಿಗೆ ಡಾಕ್ಟರಾಗುವ ಆಸೆ. ಊರಲ್ಲಿದ್ದ ಒಬ್ಬನೇ ಡಾಕ್ಟರು ತೀರಿಕೊಂಡ ಮೇಲೆ ಅವನಜ್ಜಿ ಬಿ.ಪಿ. ನೋಡಿಸಲು ಅರವತ್ತು ಮೈಲಿ ಹೋಗುತ್ತಿದ್ದಳು. ಜೀವಶಾಸ್ತ್ರ ತೆಗೆದುಕೊಂಡರಾಯಿತು ಎಂದುಕೊಂಡಿದ್ದವನು ಸಂಜೆ ನಾಲ್ಕರ ಊಟದ ಸಾಲಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

"ಅಯ್ಯೋ ಮಂಕೇ!" ಎಂದಳು ಮ್ಯಾಕರೋನಿ ಬಡಿಸುವ ಡೊಲೊರೆಸ್. "ಡಾಕ್ಟರಾಗೋರೆಲ್ಲ ಅದಕ್ಕೇ ಮುಗಿಬೀಳ್ತಾರೆ. ಮೆಡಿಕಲ್ ಕಾಲೇಜಿನೋರಿಗೆ ಯಾವ ವಿಷಯ ಆದ್ರೂ ಆಗತ್ತೆ, ಬೇರೆ ಥರ ಇರ್ಬೇಕು ಅಷ್ಟೆ. ನಮ್ಮಕ್ಕನ ಮಗ ಲ್ಯಾಟಿನ್ ಓದಿ ಸೀಟು ಹೊಡ್ಕೊಂಡ. ಅದೂ ಅಲ್ದೆ ಜೀವಶಾಸ್ತ್ರಕ್ಕೆ ಇರೋದು ಆ ಹಾಲ್ವರ್ಸನ್ ಮೇಷ್ಟ್ರು! ಪರೀಕ್ಷೇಲಿ ಮೊದಲನೇವ್ನಿಗೆ ಎ, ಕೊನೇವ್ನಿಗೆ ಫೇಲು. ದೇವರೇ ಬಂದು ಹೇಳಿದ್ರೂ ಬದಲಾಯಿಸಲ್ಲ!"

ಒಂದು ಸಲ ಫೇಲಾದರೂ ಮೆಡಿಕಲ್ ಕಾಲೇಜಿನ ಆಸೆ ಬಿಟ್ಟ ಹಾಗೆಯೇ. ಆರಿನ್ ಅರ್ಧ ತಟ್ಟೆ ಬಿಟ್ಟು ಎದ್ದ.

ಲ್ಯಾಟಿನ್ ವಿಭಾಗವಿದ್ದದ್ದು ಹಳೇ ಚರ್ಚಿನ ನೆಲಮಾಳಿಗೆಯಲ್ಲಿ. ನವೆಂಬರಿನ ನಾಲ್ಕೂವರೆಗೇ ಕತ್ತಲು ಕವಿದಿತ್ತು. ತಡವರಿಸುತ್ತಾ ಇಳಿದು ಬಾಗಿಲು ತಳ್ಳಿದ. ಒಳಗೆ ಮಂಕು ದೀಪದಡಿ ಮೂವತ್ತು ಬಿಳಿಚಿದ ಮುಖಗಳು ಒಟ್ಟಿಗೇ ಅವನತ್ತ ತಿರುಗಿದವು.

"ನೀನೂ ಡಾಕ್ಟರಾಗ್ಬೇಕಾ?" ಪಿಸುಗುಟ್ಟಿದಳು ಒಬ್ಬ ಹುಡುಗಿ. ಎಲ್ಲರ ತೊಡೆಯ ಮೇಲೂ ರಸಾಯನಶಾಸ್ತ್ರದ ಪುಸ್ತಕ. "ಡೊಲೊರೆಸ್ ಹೇಳಿದ್ಲು ಅಲ್ವಾ? ನಮ್ಗೂ ಅವಳೇ ಹೇಳಿದ್ದು. ಜಾಗ ಇಲ್ಲ, ಹೋಗು."

ಹಾಗಾದರೆ ಜೀವಶಾಸ್ತ್ರಕ್ಕೆ ಯಾರು ಹೋದರು? ಆರಿನ್ ಬಿದ್ದಂಬೀಳ ಓಡಿದ.

ಜೀವಶಾಸ್ತ್ರದ ಕಟ್ಟಡದಲ್ಲಿ ನರಪಿಳ್ಳೆಯೂ ಇರಲಿಲ್ಲ. ಸೀಸೆಗಳೊಳಗಿನ ಕಪ್ಪೆಗಳು ಅವನನ್ನೇ ನೋಡುತ್ತಿದ್ದವು. ಕೊನೆಯ ಕೋಣೆಯಲ್ಲಿ ಹಾಲ್ವರ್ಸನ್ ಮೇಷ್ಟ್ರು ಖಾಲಿ ಬೆಂಚುಗಳಿಗೆ ಜೋರಾಗಿ ಪಾಠ ಮಾಡುತ್ತಿದ್ದರು. ಮೊದಲನೇ ಬೆಂಚಿನಲ್ಲಿ ಮಾತ್ರ ಒಂದು ಅಸ್ಥಿಪಂಜರ, ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಕೂತಿತ್ತು.

ಮೇಷ್ಟ್ರು ತಣ್ಣಗಿನ ಕೈಯಿಂದ ಅರ್ಜಿ ಇಸಿದುಕೊಂಡು ಸಹಿ ಹಾಕಿದರು. ಐದರ ಗಂಟೆ ಹೊಡೆಯಿತು. ಇನ್ನು ಬದಲಾಯಿಸುವ ಹಾಗಿಲ್ಲ. ಆರಿನ್‌ಗೆ ಹೋದ ಜೀವ ಬಂತು.

"ಸಾರ್, ಕ್ಲಾಸಿಗೆ ನಾನೊಬ್ನೇನಾ? ಹಾಗಾದ್ರೆ ಫಸ್ಟು ನಾನೇ!"

"ಒಬ್ನೇ ಯಾಕಪ್ಪಾ? ಇಬ್ರು." ಮೇಷ್ಟ್ರು ಹಾಜರಿ ಪುಸ್ತಕ ತೆರೆದರು. "ಬಾರ್ಟ್‌ಲೆಟ್?"

ಅಸ್ಥಿಪಂಜರದ ದವಡೆ ಟಕ್ ಎಂದಿತು.

"ಮೂವತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ," ಮೇಷ್ಟ್ರು ಅಕ್ಕರೆಯಿಂದ ಹೇಳಿದರು. "ಮೂಳೆ ವಿಷ್ಯದಲ್ಲಂತೂ ಇವನನ್ನ ಮೀರಿಸಿದೋರಿಲ್ಲ. ಪ್ರತಿ ವರ್ಷ ಇವನೇ ಫಸ್ಟು."

"ಹಾಗಾದ್ರೆ ಸಾರ್... ಕೊನೇವ್ನು?"

ಮೇಷ್ಟ್ರು ಮುಂದಿನ ಹೆಸರು ಕೂಗಿದರು. "ಪ್ರೂಯಿಟ್?"

ಬಾರ್ಟ್‌ಲೆಟ್ ಒಂಚೂರು ಸರಿದು ಬೆಂಚಿನಲ್ಲಿ ಆರಿನ್‌ಗೆ ಜಾಗ ಮಾಡಿಕೊಟ್ಟ.